ಫೋನಿನಲ್ಲಿ ನೋಡಿದ ನಾಡಿ

೧೯೮೬ರ ಮೇ ೧೬, ಶುಕ್ರವಾರ, ಬೆಳಗ್ಗೆ ಒಂಬತ್ತೂಕಾಲು. ಕ್ಯಾಲಿಫೋರ್ನಿಯಾದ ಸ್ಯಾನ್ ಮಟಿಯೋದಲ್ಲಿ ಶವಸಂಸ್ಕಾರ ನಡೆಸಿಕೊಡುವ ಫ್ಯೂನರಲ್ ಹೋಮಿನ ಹಿಂಬದಿಯ ಕೋಣೆಯಲ್ಲಿ ಶೈಲಜಾ ಸತ್ತ ಅಕ್ಕ ಜಲಜಾಳಿಗೆ ಸೀರೆ ಉಡಿಸುತ್ತಿದ್ದಳು.

ಮಲಗಿದವರಿಗೆ ನೆರಿಗೆ ನಿಲ್ಲುವುದಿಲ್ಲ. ಎರಡು ಸಲ ಹಿಡಿದದ್ದು ಎರಡು ಸಲವೂ ಜಾರಿತು. ಮೂರನೆಯ ಸಲ ಸ್ನೇಹಲತಾ ಜಲಜಾಳ ಸೊಂಟದಡಿ ಕೈ ಕೊಟ್ಟು ಎತ್ತಿ ಹಿಡಿದಳು, ಶೈಲಜಾ ನಾಲ್ಕು ಪಿನ್ನು ಚುಚ್ಚಿದಳು. ಕಡುಹಸಿರು ರೇಷ್ಮೆ. ಕಂಪನಿಯ ಕ್ರಿಸ್ಮಸ್ ಪಾರ್ಟಿಗೆಂದು ಜಲಜಾ ವರ್ಷಕ್ಕೊಮ್ಮೆ ಹೊರತೆಗೆಯುತ್ತಿದ್ದ ಸೀರೆ. ಸ್ಯಾನ್ ಕಾರ್ಲೋಸಿನ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಸರ್ಕಿಟ್ ಬೋರ್ಡುಗಳಿಗೆ ಬೆಸುಗೆ ಹಾಕಿದವಳು ಅವಳು. ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸುಟ್ಟು ಸುಟ್ಟು ಗಟ್ಟಿಯಾಗಿದ್ದವು. ಮಂಗಳವಾರ ಮಧ್ಯಾಹ್ನ ಎರಡು ನಲವತ್ತಕ್ಕೆ ಅದೇ ಕೆಲಸದ ಬೆಂಚಿನ ಮುಂದೆ ಕುಸಿದಳು. ಆಂಬ್ಯುಲೆನ್ಸು ಬಂದಾಗ ಜೀವ ಇರಲಿಲ್ಲ. ವಯಸ್ಸು ಐವತ್ತೆರಡು.

"ಈ ಕೈ ನೋಡು ಮಾರಾಯ್ತಿ," ಎಂದಳು ಸ್ನೇಹಲತಾ. ಮಂಗಳೂರಿನವಳು, ಜಲಜಾಳ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಆರು ವರ್ಷದಿಂದ ಇದ್ದವಳು. "ನಮ್ಮ ಸಣ್ಣವನಿಗೆ ಕೆಮ್ಮು ಬಂದ್ರೆ ಇದೇ ಕೈಯಲ್ಲಿ ಕಷಾಯ ಮಾಡಿ ತಂದು ಕೊಡ್ತಿದ್ರು. ಅದೇನೋ ಒಣಗಿದ ಕಿತ್ತಳೆ ಸಿಪ್ಪೆ, ಶುಂಠಿ, ಕೆಂಪು ಖರ್ಜೂರದ ಹಾಗಿನದ್ದು. ಎರಡು ದಿನದಲ್ಲಿ ಕೆಮ್ಮು ಮಾಯ."

"ಕುಂಕುಮ ಕೊಡು."

"ಕೊಡ್ತೇನೆ. ಅಲ್ಲ ಶೈಲಜಾ, ಆ ಚೀನದವನ ಬೇರು ಕುಡಿದೇ ಹೀಗಾದದ್ದಂತೆ, ಹೌದಾ? ನಮ್ಮ ಸಣ್ಣವನಿಗೂ ಅದನ್ನೇ ಕುಡಿಸಿದ್ದೇನಲ್ಲ!"

ಶೈಲಜಾಳ ಕೈ ಅಕ್ಕನ ಹಣೆಯ ಮೇಲೆ ನಿಂತಿತು. "ಯಾರು ಹೇಳಿದ್ರು?"

"ಇನ್ಯಾರು? ಡಾಕ್ಟ್ರು. ಹೊರಗೆ ಎಲ್ಲರಿಗೂ ಹೇಳ್ತಾ ಇದ್ದಾರೆ."

ಡಾಕ್ಟರು ಎಂದರೆ ಶೈಲಜಾಳ ಗಂಡ ವ್ಯಾಸರಾಜ. ಪ್ಲೆಸೆಂಟನ್ನಿನಲ್ಲಿ ಮನೆ, ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಓದುವ ಕೆಲಸ. ರೋಗಿಯ ಎದೆಗೆ ಸ್ಟೆತಸ್ಕೋಪು ಇಟ್ಟು ಹನ್ನೊಂದು ವರ್ಷವಾಗಿತ್ತು. ಆದರೂ ಸ್ಯಾನ್ ಮಟಿಯೋದಿಂದ ಮಾರ್ಗನ್ ಹಿಲ್‌ವರೆಗೆ ಗುರುತಿನ ಕನ್ನಡದವರಿಗೆಲ್ಲ ಅವನೇ ಡಾಕ್ಟರು. ಜ್ವರವಾಗಲಿ, ಮೊಣಕಾಲಾಗಲಿ, ಮಗುವಿನ ಹಲ್ಲಾಗಲಿ, ಪ್ಲೆಸೆಂಟನ್ನಿಗೆ ಫೋನು ಬರುತ್ತಿತ್ತು.

ಕುಂಕುಮ ಇಟ್ಟು ಮುಗಿಸಿ ಶೈಲಜಾ ಹೊರಗೆ ಬಂದಳು. ಪಡಸಾಲೆಯಲ್ಲಿ ಜಲಜಾಳ ಗಂಡ ಶೇಷಗಿರಿ ಸೋಫಾದ ತುದಿಯಲ್ಲಿ ಕುಳಿತಿದ್ದರು. ವ್ಯಾಸರಾಜ ಅವರ ಮುಂದೆ ನಿಂತಿದ್ದ. ಕೈಯಲ್ಲಿ ಟೈಪು ಮಾಡಿದ ಎರಡು ಹಾಳೆ, ಒಂದು ಪೆನ್ನು.

"ನೀವು ಅವರ ಗಂಡ, ನೆಕ್ಸ್ಟ್ ಆಫ್ ಕಿನ್ನು, ಶೇಷಗಿರಿ. ಈ ದೂರಿಗೆ ನಾನು ಸೈನ್ ಮಾಡಿದ್ರೆ ಅಷ್ಟು ವೇಯ್ಟು ಇರಲ್ಲ. ನೀವು ಮಾಡಿದ್ರೆ ಲೈಸೆನ್ಸ್ ಆಫೀಸಿನವರು ಸೀರಿಯಸ್ಸಾಗಿ ತಗೋತಾರೆ. ಆ ಮನುಷ್ಯನ ಲೈಸೆನ್ಸು ಹೋಗ್ಬೇಕು. ಇವತ್ತೇ ಪೋಸ್ಟ್ ಮಾಡ್ತೀನಿ."

"ಹಾರ್ಟ್ ಅಟ್ಯಾಕು ಅಂತ ತಾನೆ ಪೋಸ್ಟ್‌ಮಾರ್ಟಮ್ ಮಾಡಿದ ಕಾರೊನರ್ ಹೇಳಿದ್ದು?" ಶೇಷಗಿರಿಯ ದನಿ ಕೂತಿತ್ತು.

"ಹೌದು, ಆರ್ಟರಿ ಬ್ಲಾಕ್ ಆಗಿತ್ತು. ಆದರೆ ಬಿ.ಪಿ. ಏರಿಸಿದ್ದು ಯಾವುದು? ಆ ಬೇರುಗಳು. ಒಲೆ ಮೇಲೆ ಮಡಕೆ ಹಾಗೇ ಇತ್ತಲ್ಲ!"

"ಆ ಮಡಕೇಲಿದ್ದದ್ದು ನನ್ನ ಕೆಮ್ಮಿನ ಕಷಾಯ."

"ಅದು ಬಿಡಿ. ಅವನು ಅವರನ್ನ ಮಾಡರ್ನ್ ಮೆಡಿಸಿನ್ನಿಂದ ದೂರ ಇಟ್ಟ. ಅದೇ ಪಾಯಿಂಟು. ಎರಡನೇ ಪ್ಯಾರಾದಲ್ಲಿ ಬರೆದಿದೀನಿ ನೋಡಿ."

ಶೇಷಗಿರಿ ಹಾಳೆಗಳನ್ನು ತೆಗೆದುಕೊಂಡರು. ಕನ್ನಡಕ ಜೇಬಿನಲ್ಲೇ ಇತ್ತು. "ಕಾರ್ಯ ಮುಗೀಲಿ. ಆಮೇಲೆ ಹಾಕ್ತೀನಿ."

ಶೈಲಜಾ ಗೋಡೆಗೆ ಒರಗಿ ನಿಂತಳು. ದೂರ ಇಟ್ಟನಂತೆ. ಬಾಯಿ ತೆರೆದರೆ ಏನೇನು ಹೊರಗೆ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅದರಲ್ಲಿ ತನ್ನದೂ ಒಂದು ಪಾಲಿತ್ತು.

* * *

ಜನವರಿಯಲ್ಲಿ ಜಲಜಾಳ ಮಣಿಕಟ್ಟು ಹಿಡಿದುಕೊಂಡಿತ್ತು. ಹಲ್ಲುಜ್ಜುವ ಬ್ರಷ್ಷು ಎತ್ತಲೂ ಆಗುತ್ತಿರಲಿಲ್ಲ. ಪಕ್ಕದ ಬೆಂಚಿನ ಮಿಸೆಸ್ ಚೆನ್ ಒಂದು ಶನಿವಾರ ಅವಳನ್ನು ಮಿಸ್ಟರ್ ಲಾಮ್ ಎಂಬವರ ಅಂಗಡಿಗೆ ಕರೆದುಕೊಂಡು ಹೋದಳು. ಮುಂದೆ ಅಂಗಡಿ, ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಖಾನೆಗಳ ಕಪಾಟು. ಹಿಂದಿನ ಕೋಣೆಯಲ್ಲಿ ಸೂಜಿಚಿಕಿತ್ಸೆ. ಗೋಡೆಯ ಮೇಲೆ ಕ್ಯಾಲಿಫೋರ್ನಿಯಾ ರಾಜ್ಯದ ಲೈಸೆನ್ಸು, ಗಾಜು ಹಾಕಿದ ಚೌಕಟ್ಟಿನಲ್ಲಿ.

ಆ ಸಂಜೆ ಜಲಜಾ ತಂಗಿಗೆ ಫೋನು ಮಾಡಿದಳು.

"ನಲವತ್ತು ನಿಮಿಷ ಕಣೇ! ನಲವತ್ತು ನಿಮಿಷ ಬರೀ ಪ್ರಶ್ನೆ ಕೇಳಿದ್ರು. ನಿದ್ದೆ ಹೇಗೆ, ಬಾಯಾರಿಕೆ ಆಗುತ್ತಾ, ಕಾಲು ತಣ್ಣಗಿರುತ್ತಾ. ನಾಲಿಗೆ ಚಾಚಿ ಅಂದ್ರು. ಎರಡೂ ಕೈ ನಾಡಿ ಹಿಡಿದ್ರು. ನಮ್ಮೂರ ಪಂಡಿತರು ಕೂಡ ಒಂದೇ ಕೈ ಹಿಡೀತಿದ್ದದ್ದು."

"ಚುಚ್ಚಿದ್ರಾ?"

"ಚುಚ್ಚಿದ್ರು. ಇರುವೆ ಕಚ್ಚಿದ ಹಾಗಾಯ್ತು. ಆಮೇಲೆ ನಿದ್ದೆ ಬಂತು. ಶೈಲೂ, ನಿನ್ನ ಗಂಡ ಹನ್ನೊಂದು ವರ್ಷದಲ್ಲಿ ಒಂದ್ಸಲ ನನ್ನ ನಾಲಿಗೆ ನೋಡಿದಾರಾ?"

"ನಿನ್ನ ನಾಲಿಗೆ ಕೇಳಿಸ್ಕೊಂಡೇ ಸಾಕಾಗಿದೆ ಅವ್ರಿಗೆ."

ಇಬ್ಬರೂ ನಕ್ಕಿದ್ದರು.

ಆರು ವಾರದಲ್ಲಿ ಮಣಿಕಟ್ಟು ಮುಕ್ಕಾಲು ಸರಿಹೋಯಿತು. ಅಷ್ಟು ಹೊತ್ತಿಗೆ ಜಲಜಾ ಮನೆಮಂದಿಯ ಕೆಮ್ಮು, ಅಜೀರ್ಣಗಳನ್ನೆಲ್ಲ ಲಾಮ್ ಅವರಿಗೆ ಒಪ್ಪಿಸಿ, ಅವರು ಹೇಳಿದ್ದನ್ನು ತನ್ನ ಜೀರಿಗೆ, ಮೆಣಸಿನ ಜೊತೆ ಹೋಲಿಸಿ ನೋಡತೊಡಗಿದ್ದಳು. ನಮ್ಮದು, ಅವರದು ಅಂಥ ಬೇರೇನಲ್ಲ ಎನ್ನುತ್ತಿದ್ದಳು. ಅವರದು ಸ್ವಲ್ಪ ಕಹಿ ಜಾಸ್ತಿ, ಅಷ್ಟೇ.

* * *

ಹತ್ತೂಕಾಲಿಗೆ ಶವಪೆಟ್ಟಿಗೆಯನ್ನು ಹಾಲ್‌ಗೆ ತಂದರು. ನಲವತ್ತು ಜನ ಸೇರಿದ್ದರು. ಕಾರ್ಖಾನೆಯಿಂದ ಮೇಲ್ವಿಚಾರಕ ಮತ್ತು ಐದು ಹೆಂಗಸರು ಕೆಲಸದ ಅಂಗಿಯಲ್ಲೇ ಬಂದಿದ್ದರು. ಮಂತ್ರ ಹೇಳಲು ಉಡುಪಿಯ ರಾಮನಾಥ ನಿಂತರು. ವೃತ್ತಿಯಲ್ಲಿ ಎಂಜಿನಿಯರು. ಊರಿಂದ ತರಿಸಿದ ಪುಸ್ತಕದ ಜೆರಾಕ್ಸು ಪ್ರತಿ ಅವರ ಕೈಯಲ್ಲಿತ್ತು.

"ಹನ್ನೆರಡಕ್ಕೆ ಈ ಹಾಲ್ ಬಿಟ್ಟುಕೊಡ್ಬೇಕು," ಎಂದರು ಅವರು. "ಹನ್ನೆರಡೂವರೆಗೆ ಇನ್ನೊಬ್ಬರದ್ದು ಉಂಟಂತೆ. ಅಕ್ಕಿ ಎಲ್ಲಿ?"

ಜಲಜಾಳ ಮಗಳು ವಸುಧಾ ಸ್ಟೀಲಿನ ಬಟ್ಟಲು ತಂದಿಟ್ಟಳು. ಇಪ್ಪತ್ಮೂರು ವರ್ಷ, ಡೇಕೇರ್ ಒಂದರಲ್ಲಿ ಟೀಚರು. ಬಟ್ಟಲು ಇಡುವಾಗ ಕಾಳು ಚೆಲ್ಲಿತು. ಅದನ್ನು ಒಂದೊಂದಾಗಿ ಹೆಕ್ಕತೊಡಗಿದಳು.

ವ್ಯಾಸರಾಜ ಬಾಗಿಲ ಬಳಿ ನಿಂತು ಬಂದವರಿಗೆ ಅದನ್ನೇ ಹೇಳುತ್ತಿದ್ದ. "ನ್ಯಾಚುರಲ್ಲು ಅಂತ ಜನ ಮೋಸ ಹೋಗ್ತಾರೆ. ವಿಷವೂ ನ್ಯಾಚುರಲ್ಲೇ." ಕೇಳಿದವರು ತಲೆಯಾಡಿಸಿ ಒಳಗೆ ಬರುತ್ತಿದ್ದರು. ಪ್ರತಿಯೊಬ್ಬರೂ ಆಮೇಲೆ ಶೈಲಜಾಳ ಕಡೆ ತಿರುಗಿ, ಪಾಪ, ಮನೆಯಲ್ಲೇ ಡಾಕ್ಟರಿದ್ದೂ ಹೀಗಾಯಿತಲ್ಲ ಎನ್ನುತ್ತಿದ್ದರು.

ಹದಿನಾಲ್ಕನೆಯ ಬಾರಿ ಅದನ್ನು ಕೇಳಿದಾಗ ಶೈಲಜಾ ಎಣಿಸುವುದನ್ನು ಬಿಟ್ಟಳು.

* * *

ಮಾರ್ಚ್ ೧೯, ಬುಧವಾರ. ಅಡಿಗೆಮನೆಯ ಗೋಡೆಯ ಫೋನು.

"ಶೈಲೂ, ಎದೆ ಹತ್ರ ಒಂಥರಾ ಬಿಗಿಯುತ್ತೆ ಕಣೆ. ಅಪಾರ್ಟ್‌ಮೆಂಟಿನ ಮೆಟ್ಲು ಹತ್ತುವಾಗ. ನಿಂತ್ರೆ ಹೋಗುತ್ತೆ. ನಿನ್ನ ಗಂಡನ್ನ ಕೇಳು."

ವ್ಯಾಸರಾಜ ಟಿ.ವಿ.ಯಲ್ಲಿ ಬ್ಯಾಸ್ಕೆಟ್‌ಬಾಲ್ ನೋಡುತ್ತಿದ್ದ. ಜಾಹೀರಾತು ಮುಗಿಯುವುದರಲ್ಲಿತ್ತು. ಶೈಲಜಾ ಫೋನಿನ ಬಾಯಿ ಮುಚ್ಚಿ ಕೂಗಿದಳು: "ರೀ, ಅಕ್ಕನಿಗೆ ಎದೆ ಉರಿಯಂತೆ."

"ಗ್ಯಾಸು. ಆ ಸ್ಯಾಂಪಲ್ ಮಾತ್ರೆ ಇದ್ಯಲ್ಲ, ಕಳಿಸು. ಎರಡು ಹೊತ್ತು."

"ಗ್ಯಾಸಂತೆ ಕಣೆ," ಎಂದಳು ಶೈಲಜಾ ಫೋನಿಗೆ. "ಮಾತ್ರೆ ಕಳಿಸ್ತೀನಿ."

ಮೆಟ್ಟಿಲಿನ ಮಾತನ್ನು ಅವಳು ಹೇಳಲಿಲ್ಲ. ಮರೆತದ್ದಲ್ಲ. ಉದ್ದವಾಗಿ ಹೇಳಿದರೆ ಅವನು ರೇಗುತ್ತಿದ್ದ. ಹನ್ನೊಂದು ವರ್ಷದಿಂದ ಎಲ್ಲರ ಕಾಯಿಲೆಯನ್ನೂ ಅವಳು ಒಂದು ಸಾಲಿಗೆ ಇಳಿಸಿ ಗಂಡನಿಗೆ ತಲುಪಿಸುತ್ತಿದ್ದಳು.

ಏಪ್ರಿಲ್ ಎರಡರಂದು ಮತ್ತೆ ಫೋನು ಬಂತು. ಈ ಸಲ ಎಡತೋಳು ಭಾರ. "ಬೆಸುಗೆ ಕೆಲಸ ಮಾಡೋರಿಗೆ ತೋಳು ನೋಯದೆ ಇನ್ನೇನು ನೋಯುತ್ತೆ?" ಎಂದ ವ್ಯಾಸರಾಜ. ಮತ್ತೊಂದು ಲಕೋಟೆ ಮಾತ್ರೆ ಹೋಯಿತು.

"ಬೇರೆ ಡಾಕ್ಟ್ರ ಹತ್ರ ಒಂದ್ಸಲ ತೋರಿಸ್ಲಾ?" ಎಂದು ಜಲಜಾ ಕೇಳಿದ್ದಳು. ಕಂಪನಿ ಕೊಟ್ಟ ಇನ್ಶೂರೆನ್ಸ್ ಕಾರ್ಡು ಒಂಬತ್ತು ವರ್ಷದಿಂದ ಪರ್ಸಿನಲ್ಲೇ ಇತ್ತು. ಒಮ್ಮೆಯೂ ಬಳಸಿರಲಿಲ್ಲ.

"ತೋರಿಸು. ಆದ್ರೆ ಇವ್ರಿಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾರೆ. ಮನೇಲಿ ನಾನಿರುವಾಗ ಅಂತ."

"ಅದೂ ನಿಜ. ಬಿಡು."

ಏಪ್ರಿಲ್ ೧೩ರ ಭಾನುವಾರ ಪ್ಲೆಸೆಂಟನ್ನಿನ ಮನೆಯಲ್ಲಿ ಯುಗಾದಿಯ ಊಟ. ಶೇಷಗಿರಿ ಕೆಮ್ಮು ಜ್ವರವೆಂದು ಬರಲಿಲ್ಲ. ಜಲಜಾ ಸ್ನೇಹಲತಾಳ ವ್ಯಾನಿನಲ್ಲಿ ಬಂದಳು. ಊಟವಾದ ಮೇಲೆ ಪರ್ಸಿನಿಂದ ಒಂದು ಲಕೋಟೆ ತೆಗೆದು ವ್ಯಾಸರಾಜನಿಗೆ ಕೊಟ್ಟಳು. ಎಲ್ಲರೆದುರು ಕೊಡುವುದು ಅವಳಿಗೂ ಇಷ್ಟವಿರಲಿಲ್ಲವೆಂದು ಕಾಣುತ್ತದೆ. ಮೊದಲು ಅಡಿಗೆಮನೆಗೆ ಕರೆದಿದ್ದಳು. ಅವನು ಸೋಫಾ ಬಿಟ್ಟು ಎದ್ದಿರಲಿಲ್ಲ.

ಲಾಮ್ ಅವರ ಕಾಗದ. ಇಂಗ್ಲಿಷಿನಲ್ಲಿ ಟೈಪು ಮಾಡಿದ್ದು. ವ್ಯಾಸರಾಜ ಅದನ್ನು ಗಟ್ಟಿಯಾಗಿ, ಚೀನೀಯರು ಮಾತಾಡುವ ಧಾಟಿಯನ್ನು ಅಣಕಿಸುತ್ತ ಓದಿದ:

"ಕುಟುಂಬದ ವೈದ್ಯರಿಗೆ. ಮಿಸೆಸ್ ಜಲಜಾ ಅವರಿಗೆ ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ, ಎಡತೋಳು ಭಾರವಾಗುತ್ತದೆ, ನಿಂತರೆ ಕಡಿಮೆಯಾಗುತ್ತದೆ. ನಾಡಿ ನಡುನಡುವೆ ನಿಲ್ಲುತ್ತಿದೆ. ಇದು ನಾನು ಚಿಕಿತ್ಸೆ ಮಾಡತಕ್ಕ ಕಾಯಿಲೆಯಲ್ಲ. ಸೂಜಿ, ಔಷಧ ಎರಡನ್ನೂ ನಿಲ್ಲಿಸಿದ್ದೇನೆ. ದಯವಿಟ್ಟು ಈ ವಾರವೇ ಇ.ಸಿ.ಜಿ. ಮಾಡಿಸಿ."

"ನೋಡಿ, ನೋಡಿ," ಎಂದ ವ್ಯಾಸರಾಜ. "ಮುಂದಿನ ವಾರ ಇವನು ಎಕ್ಸ್‌ರೇನೂ ಬೆರಳಲ್ಲೇ ಮುಟ್ಟಿ ಓದ್ತಾನೆ. ನನ್ನ ಕೆಲ್ಸ ಹೋಯ್ತು. ಅತ್ತಿಗೆ, ನಂಗೊಂದು ಬೆಸುಗೆ ಕೆಲ್ಸ ಕೊಡಿಸ್ತೀರಾ?"

ಕೋಣೆ ತುಂಬ ನಗು. ರಾಮನಾಥ ನಕ್ಕರು. ಸ್ನೇಹಲತಾ ನಕ್ಕಳು. ಒಬ್ಬಟ್ಟಿನ ತಟ್ಟೆ ಹಿಡಿದು ನಿಂತಿದ್ದ ಶೈಲಜಾ ಕೂಡ ನಕ್ಕಳು. ಎಲ್ಲರೂ ನಕ್ಕಾದ ಮೇಲೆ ಜಲಜಾ ತಾನೂ ನಕ್ಕು ಕಾಗದ ಮಡಿಸಿಕೊಂಡಳು.

ಅಂದಿನಿಂದ ಮೂವತ್ತು ದಿನ ಬದುಕಿದ್ದಳು. ಎದೆಯ ವಿಚಾರ ಮತ್ತೆ ಯಾರ ಮುಂದೆಯೂ ಎತ್ತಲಿಲ್ಲ.

* * *

ರಾಮನಾಥ ಮಂತ್ರದ ಮೂರನೆಯ ಹಾಳೆಗೆ ಬಂದಿದ್ದರು. ಹನ್ನೊಂದೂ ಐದಕ್ಕೆ ಹಾಲಿನ ಬಾಗಿಲು ತೆರೆಯಿತು. ಮಿಸೆಸ್ ಚೆನ್ ಜೊತೆ ಅರವತ್ತು ದಾಟಿದ ಒಬ್ಬ ಸಣಕಲು ಮನುಷ್ಯ ಒಳಗೆ ಬಂದರು. ಕಪ್ಪು ಸೂಟು, ಕೈಯಲ್ಲಿ ಬಿಳಿ ಸೇವಂತಿಗೆ. ಶೈಲಜಾ ಅವರನ್ನು ಹಿಂದೆ ನೋಡಿರಲಿಲ್ಲ. ಆದರೂ ಯಾರೆಂದು ತಿಳಿಯಿತು.

ಅವರು ಬಾಗಿಲ ಬಳಿ ನಿಂತಿದ್ದ ವ್ಯಾಸರಾಜನಿಗೆ ತಲೆಬಾಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: "ನನ್ನ ಹೆಸರು ಲಾಮ್. ತುಂಬ ದುಃಖವಾಯಿತು. ದಯವಿಟ್ಟು ಹೇಳಿ, ಇ.ಸಿ.ಜಿ.ಯಲ್ಲಿ ಏನು ಬಂದಿತ್ತು?"

ಮಂತ್ರ ನಿಂತಿತು.

"ಹೊರಗೆ ನಡೀರಿ," ಎಂದ ವ್ಯಾಸರಾಜ, ಇಂಗ್ಲಿಷಿನಲ್ಲೇ. "ಇಲ್ಲಿಗೆ ಬರೋಕೆ ನಿಮಗೆ ಎಷ್ಟು ಧೈರ್ಯ? ಇನ್ನೇನಿದ್ರೂ ಲೈಸೆನ್ಸ್ ಆಫೀಸಿನವರ ಮುಂದೆ ಹೇಳಿ."

ಲಾಮ್ ಏಕೆಂದು ಅರ್ಥವಾಗದೆ ನಿಂತರು. ಮಿಸೆಸ್ ಚೆನ್ ಅವರ ತೋಳು ಹಿಡಿದಳು. ಮುಂದಿನ ಸಾಲಿನಿಂದ ಶೇಷಗಿರಿ ಎದ್ದು ಬಂದರು.

"ಯಾವ ಇ.ಸಿ.ಜಿ.?"

ಸ್ನೇಹಲತಾ ನೆಲ ನೋಡಿದಳು. ರಾಮನಾಥ ಹಾಳೆಗಳನ್ನು ಜೋಡಿಸತೊಡಗಿದರು. ಆ ಹಾಳೆಗಳು ಅದಾಗಲೇ ಸರಿಯಾಗಿದ್ದವು.

"ಶೇಷಗಿರಿ, ಈಗ ಬೇಡ. ಕಾರ್ಯ ನಡೀಲಿ," ಎಂದ ವ್ಯಾಸರಾಜ. "ಇವರು ಹೋಗ್ತಾರೆ."

"ಅವ್ರು ಹೋಗಲ್ಲ," ಎಂದಳು ಶೈಲಜಾ.

ತಾನೇ ಆಡಿದ ಮಾತೆಂದು ಅರಿವಾಗುವ ಹೊತ್ತಿಗೆ ಅವಳು ನಡುದಾರಿಗೆ ಬಂದು ನಿಂತಿದ್ದಳು.

"ಭಾವ, ಆ ಕಾಗದಕ್ಕೆ ಸೈನ್ ಹಾಕ್ಬೇಡಿ. ಇವ್ರು ಏಪ್ರಿಲ್‌ನಲ್ಲೇ ಲೆಟರ್ ಬರೆದು ಕೊಟ್ಟಿದ್ರು. ಔಷಧ ನಿಲ್ಸಿದೀನಿ, ಇದು ಹಾರ್ಟಿಂದು, ಈ ವಾರವೇ ಇ.ಸಿ.ಜಿ. ಮಾಡ್ಸಿ ಅಂತ. ಅಕ್ಕ ಅದನ್ನ ಯುಗಾದಿ ದಿನ ನಮ್ಮನೆಗೆ ತಂದಿದ್ಲು. ನಮ್ಮವ್ರು ಅದನ್ನ ಎಲ್ರ ಮುಂದೆ ಅಣಕಿಸಿ ಓದಿದ್ರು."

"ಶೈಲಾ! ಮನೇಲಿ ಮಾತಾಡೋಣ."

"ಮನೇಲೇ ಮಾತಾಡಿದ್ದಾಯ್ತಲ್ಲ! ಮಾರ್ಚ್ ಹತ್ತೊಂಬತ್ತು, ಏಪ್ರಿಲ್ ಎರಡು, ಏಪ್ರಿಲ್ ಹದಿಮೂರು, ಮೂರು ಸಲವೂ ಮನೇಲೇ ಮಾತಾಡಿದ್ದು. ಮೂರು ಸಲವೂ ನೀವು ಸೋಫಾದಿಂದ ಏಳ್ಲಿಲ್ಲ. ನಿಮ್ಮ ಕಾರಿನ ಡಿಕ್ಕೀಲಿ ಬಿ.ಪಿ. ನೋಡೋ ಮೆಶಿನ್ನು ಇತ್ತು. ಅವಳ ತೋಳಿಗೆ ಅದನ್ನ ಒಂದ್ಸಲ ಸುತ್ತಿದ್ರಾ? ಈಗ ಇವ್ರ ಮೇಲೆ ಎರಡು ಪೇಜು ಟೈಪ್ ಮಾಡ್ಕೊಂಡ್ ಬಂದಿದೀರಲ್ಲ, ನಾಚಿಕೆ ಆಗಲ್ವಾ?"

"ನೀನು ಹೇಳಿದ್ದು ಎದೆ ಉರಿ ಅಂತ!" ವ್ಯಾಸರಾಜನ ದನಿ ಒಡೆಯಿತು. "ಫೋನಲ್ಲಿ ನೀನು ಹೇಳಿದ್ದು ಎದೆ ಉರಿ!"

"ಹೌದು. ನಾನೇ ಹೇಳಿದ್ದು. ಮೆಟ್ಲು ಹತ್ತುವಾಗ ಅಂತ ಅವಳು ಹೇಳಿದ್ಲು, ನಾನು ಹೇಳ್ಲಿಲ್ಲ. ಆದ್ರೆ ಕಾಗದದಲ್ಲಿ ಮೆಟ್ಲು ಇತ್ತು. ನೀವೇ ಓದಿದ್ರಿ. ಎಲ್ರೂ ನಕ್ರು. ನಾನೂ ನಕ್ಕೆ."

ಸುಳ್ಳೆಂದು ಯಾರಾದರೂ ಹೇಳಬಹುದಿತ್ತು. ವ್ಯಾಸರಾಜ ರಾಮನಾಥರ ಕಡೆ ನೋಡಿದ.

"ನಾನು ಅಲ್ಲಿದ್ದೆ, ಶೇಷಗಿರಿಯವ್ರೇ," ಎಂದರು ರಾಮನಾಥ. "ಓದಿದ್ದು ಹೌದು."

ಶೇಷಗಿರಿ ಒಳಜೇಬಿನಿಂದ ಆ ಎರಡು ಹಾಳೆ ತೆಗೆದು ಷಡ್ಡಕನ ಕೋಟಿನ ಜೇಬಿಗೆ ತುರುಕಿದರು. ತುರುಕಿದ ರಭಸಕ್ಕೆ ಜೇಬಿನ ಹೊಲಿಗೆ ಬಿಟ್ಟಿತು. ಮೂವತ್ತು ವರ್ಷದ ಪರಿಚಯದಲ್ಲಿ ಅವರು ಯಾರ ಮೇಲಾದರೂ ಕೈ ಮಾಡಿದ್ದನ್ನು ಶೈಲಜಾ ನೋಡಿರಲಿಲ್ಲ. ಇದನ್ನು ಕೈ ಮಾಡುವುದು ಎನ್ನುವುದಾದರೆ, ಇದೇ ಮೊದಲು.

"ನನಗೂ ಹೇಳ್ಲಿಲ್ಲ ಅವಳು," ಎಂದರು. "ನೀವೆಲ್ಲ ನಕ್ಕ ಮೇಲೆ ನಾನೂ ನಗ್ತೀನಿ ಅಂದ್ಕೊಂಡ್ಳೋ ಏನೋ."

ಲಾಮ್ ಅವರಿಗೆ ಆ ಕನ್ನಡದ ಮಾತುಗಳಲ್ಲಿ ಒಂದು ಶಬ್ದವೂ ತಿಳಿದಿರಲಿಲ್ಲ. ವಸುಧಾ ಅವರ ಬಳಿ ಹೋಗಿ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಿದಳು. ಅವರು ಕಣ್ಣು ಮುಚ್ಚಿಕೊಂಡರು.

"ನಾನು ಕಾಗದ ಬರೆದೆ," ಎಂದರು. "ಫೋನು ಮಾಡಬೇಕಿತ್ತು. ಕುಟುಂಬದಲ್ಲೇ ಡಾಕ್ಟರಿದ್ದಾರೆ ಎಂದು ಅವರು ಹೇಳಿದರು. ಹಾಗಾದರೆ ಸರಿ ಅಂದುಕೊಂಡೆ."

ಶೇಷಗಿರಿ ಅವರ ಕೈಯಿಂದ ಸೇವಂತಿಗೆ ತೆಗೆದುಕೊಂಡು, ಅವರನ್ನು ಮುಂದಿನ ಸಾಲಿಗೆ ಕರೆದೊಯ್ದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ರಾಮನಾಥ ಗಂಟಲು ಸರಿಮಾಡಿಕೊಂಡು ಮಂತ್ರ ಮುಂದುವರಿಸಿದರು. ದನಿ ಎರಡು ಕಡೆ ತಡವರಿಸಿತು.

ಹನ್ನೊಂದೂ ನಲವತ್ತಕ್ಕೆ ಬಾಯಿಗೆ ಅಕ್ಕಿ ಹಾಕುವ ಹೊತ್ತು. ಶೇಷಗಿರಿ ಹಾಕಿದರು, ವಸುಧಾ ಹಾಕಿದಳು. ಮೂರನೆಯವಳಾಗಿ ಶೈಲಜಾ ಬಟ್ಟಲಿಗೆ ಕೈ ಚಾಚಿದಳು. ವಸುಧಾ ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು.

"ಚಿಕ್ಕಮ್ಮ, ನೀವು ಬೇಡ."

"ವಸೂ..."

"ನೀವು ಲಾಫ್ ಮಾಡಿದ್ರಿ. ಶೀ ಕಾಲ್ಡ್ ಯು, ಅಂಡ್ ಯು ಲಾಫ್ಡ್. ಬೇಡ."

ಹಿಂದಿನಿಂದ ಯಾರೋ ಹೆಂಗಸು, ಹಾಗನ್ನಬಾರದಮ್ಮ, ಒಡಹುಟ್ಟಿದವಳು ಎಂದರು. ವಸುಧಾ ಬಟ್ಟಲನ್ನು ಎದೆಗೆ ಒತ್ತಿಕೊಂಡು ನಿಂತಳು. ಅವಳ ಗದ್ದ ಜಲಜಾಳದೇ ಗದ್ದ. ಸಿಟ್ಟು ಬಂದಾಗ ಅದೇ ರೀತಿ ಮುಂದೆ ಬರುತ್ತಿತ್ತು. ಶೈಲಜಾ ಶೇಷಗಿರಿಯ ಕಡೆ ನೋಡಿದಳು. ಅವರು ಮುಖ ತಿರುಗಿಸಿದರು.

ಶೈಲಜಾ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಸಾಲಿನಿಂದ ಪಕ್ಕಕ್ಕೆ ಸರಿದಳು. ಅವಳ ಹಿಂದೆ ಇದ್ದವರು ಒಬ್ಬೊಬ್ಬರಾಗಿ ಮುಂದೆ ಹೋದರು: ಮಿಸೆಸ್ ಚೆನ್, ಕಾರ್ಖಾನೆಯ ಹೆಂಗಸರು, ಮೇಲ್ವಿಚಾರಕ. ಲಾಮ್ ಎಷ್ಟು ಕಾಳು ಹಾಕಬೇಕೆಂದು ಕೇಳಿದರು. ವಸುಧಾ ತೋರಿಸಿಕೊಟ್ಟಳು.

ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಶೇಷಗಿರಿ ಒಳಗಿನ ಕೋಣೆಯಲ್ಲಿ ದಹನದ ಒಲೆಯ ಗುಂಡಿ ಒತ್ತಿದರು.

ಹೊರಗೆ ಬಂದಾಗ ವ್ಯಾಸರಾಜನ ಕಾರು ಇರಲಿಲ್ಲ. ಶೈಲಜಾ ಸ್ನೇಹಲತಾಳ ವ್ಯಾನಿನಲ್ಲಿ ಕುಳಿತಳು. ಸೇತುವೆ ದಾಟಿದ ಮೇಲೆ ಸ್ನೇಹಲತಾ, "ನಾನೂ ನಕ್ಕಿದ್ದೆ. ಆದರೂ ನನಗೆ ಅಕ್ಕಿ ಹಾಕ್ಲಿಕ್ಕೆ ಬಿಟ್ಟಳು," ಎಂದಳು.

"ನೀನು ಅವಳಮ್ಮನ ತಂಗಿ ಅಲ್ಲ," ಎಂದಳು ಶೈಲಜಾ.

ದೂರು ಹೋಗಲಿಲ್ಲ. ಪ್ಲೆಸೆಂಟನ್ನಿನ ಮನೆಗೆ ಶನಿವಾರ ಒಂದು, ಭಾನುವಾರ ಎರಡು ಫೋನು ಬಂದವು. ಒಂದು ಮಗುವಿನ ಕಿವಿನೋವು, ಒಂದು ಸೊಂಟ, ಒಂದು ತಲೆಸುತ್ತು. ಮೂರಕ್ಕೂ ಶೈಲಜಾ, "ಡಾಕ್ಟ್ರ ಹತ್ರ ಹೋಗಿ," ಎಂದು ಇಟ್ಟುಬಿಟ್ಟಳು.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಅವಳು ಫೋನು ಪುಸ್ತಕದಲ್ಲಿ ಹುಡುಕಿ ಪ್ಲೆಸೆಂಟನ್ನಿನದೇ ಒಂದು ಕ್ಲಿನಿಕ್ಕಿಗೆ ಫೋನು ಮಾಡಿ ತನ್ನ ಹೆಸರು ಹೇಳಿದಳು. ವಯಸ್ಸು ನಲವತ್ತಾರು. ಹಿಂದೆ ಯಾವಾಗ ತಪಾಸಣೆ ಮಾಡಿಸಿದ್ದೀರಿ ಎಂದು ಅಲ್ಲಿನ ಹುಡುಗಿ ಕೇಳಿದಳು. ಮಾಡಿಸಿಲ್ಲ ಎಂದಳು ಶೈಲಜಾ. ಹುಡುಗಿ ಗಂಡನ ಉದ್ಯೋಗ ಕೇಳಿದಳು. ಡಾಕ್ಟರು ಎಂದಳು. ಆಚೆ ಕಡೆ ಟೈಪು ಮಾಡುವ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಗುರುವಾರ ಹತ್ತೂವರೆಗೆ ಬರಲು ಹೇಳಿದರು.